ಸಮನ್ಸು ಮುಟ್ಟಿದ್ದಕ್ಕೆ ಸಾಕ್ಷಿ

ವಾದಿಯೊಬ್ಬನ ಮಾತು ಕೇಳಿ ಅಷ್ಟರ ಮೇಲೇ ತೀರ್ಪು ಕೊಡುವಂತಿಲ್ಲ. ಎದುರು ಪಕ್ಷಕ್ಕೆ ಸುದ್ದಿ ಮುಟ್ಟಿಸಬೇಕು, ದಾವೆಯ ನಕಲು ಕೊಡಬೇಕು, ಬಂದು ಉತ್ತರ ಹೇಳಲು ವಾಯಿದೆ ಕೊಡಬೇಕು. ನ್ಯಾಯಾಲಯದ ಆವರಣದಲ್ಲಿ ಈ ಕೆಲಸಕ್ಕೆ ಸಮನ್ಸು ಜಾರಿ ಎನ್ನುತ್ತಾರೆ. ಕಾಗದ ತಲುಪಿಸುವುದು ಇದರಲ್ಲಿ ಅರ್ಧ ಕೆಲಸ ಮಾತ್ರ. ತಲುಪಿತೆಂದು ನ್ಯಾಯಾಧೀಶರಿಗೆ ಮನವರಿಕೆ ಮಾಡಿಕೊಡುವುದು ಉಳಿದರ್ಧ, ಮತ್ತು ಅದೇ ಹೆಚ್ಚು ಕಷ್ಟದ್ದು. ಆಳಿನ ಕೈಯಿಂದ ಅಂಚೆಗೆ, ಅಂಚೆಯಿಂದ ಟೆಲೆಕ್ಸ್ ಮತ್ತು ಫ್ಯಾಕ್ಸಿಗೆ, ಅಲ್ಲಿಂದ ಇಮೇಲ್ ಮತ್ತು ವಾಟ್ಸ್ಆ್ಯಪ್‌ಗೆ ಸಮನ್ಸು ಸಾಗಿ ಬಂದ ಚರಿತ್ರೆಯಲ್ಲಿ ವೇಗ ಎದ್ದು ಕಾಣುತ್ತದೆ. ಆದರೆ ನ್ಯಾಯಾಲಯಗಳು ಪ್ರತಿ ಹಂತದಲ್ಲೂ ತಲೆ ಕೆಡಿಸಿಕೊಂಡದ್ದು ವೇಗಕ್ಕಾಗಿ ಅಲ್ಲ, ಸಾಕ್ಷಿಗಾಗಿ.

ಈ ಚಿಂತೆ ಬ್ರಿಟಿಷರ ಜೊತೆ ಬಂದದ್ದೂ ಅಲ್ಲ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರ ಭಾಗವನ್ನು ವಿವರಿಸುವಾಗ ಪ್ರತಿವಾದಿಯನ್ನು ಕರೆಸುವ ಬಗೆಯನ್ನೂ ಹೇಳುತ್ತದೆ. ದೂರಿನಲ್ಲಿ ಹುರುಳಿದೆ ಎಂದು ಕಂಡರೆ ರಾಜನು ತನ್ನ ಮುದ್ರೆಯನ್ನೋ ಆಳನ್ನೋ ಕಳಿಸಿ ಕರೆಸಬೇಕು. ಕರೆ ಬಂದದ್ದು ರಾಜನಿಂದಲೇ ಎಂಬುದಕ್ಕೆ ಆ ಮುದ್ರೆ ಗುರುತು. ಯಾರನ್ನು ಕರೆಸಬಾರದು ಎಂಬ ಪಟ್ಟಿಯೂ ಅಲ್ಲಿದೆ: ರೋಗಿಗಳು, ಮಕ್ಕಳು, ಮುದುಕರು, ಸಂಕಟದಲ್ಲಿರುವವರು, ಧರ್ಮಕಾರ್ಯದಲ್ಲೋ ಉತ್ಸವದಲ್ಲೋ ತೊಡಗಿರುವವರು, ಬಾಣಂತಿಯರು. ಇದಕ್ಕೂ ಹಿಂದಿನ ನಾರದ ಸ್ಮೃತಿ, ಕರೆ ಬರುವ ತನಕ ಎದುರಾಳಿ ತಪ್ಪಿಸಿಕೊಂಡು ಹೋಗದಂತೆ ವಾದಿಯೇ ಅವನನ್ನು ತಡೆದು ನಿಲ್ಲಿಸುವ ‘ಆಸೇಧ’ವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಕರೆ ಅಧಿಕೃತವಾಗಿರಬೇಕು, ಬರಲಾಗದವನನ್ನು ಬಲವಂತಪಡಿಸಬಾರದು ಎಂಬ ಎರಡು ಎಚ್ಚರಗಳು ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡ ನೆಲದ ಒಂದು ಗ್ರಂಥದಲ್ಲಿ ಜೊತೆಯಾಗಿ ನಿಂತಿದ್ದವು.

ಈಸ್ಟ್ ಇಂಡಿಯಾ ಕಂಪನಿಯ ಅದಾಲತ್ತುಗಳಲ್ಲಿ ಸಮನ್ಸು ನಾಜರ್ ಎಂಬ ಅಧಿಕಾರಿಯ ಕೈಕೆಳಗಿನ ಜವಾನರ ಮೂಲಕ ಹೋಗುತ್ತಿತ್ತು. ನಾಜರ್ ಎಂಬ ಹುದ್ದೆ ನಮ್ಮ ಜಿಲ್ಲಾ ನ್ಯಾಯಾಲಯಗಳಿಗೆ ಪರಿಚಿತವೇ. ಜಾರಿಯ ಖರ್ಚನ್ನು ಕಕ್ಷಿದಾರರೇ ಕಟ್ಟುವ ಪದ್ಧತಿಯೂ ಹಳೆಯದು. 1870ರ ಕೋರ್ಟ್ ಶುಲ್ಕ ಕಾಯಿದೆ ಆ ಶುಲ್ಕವನ್ನೂ ಜವಾನರ ಸಂಖ್ಯೆಯನ್ನೂ ನಿಯಮಕ್ಕೆ ಒಳಪಡಿಸಿತು. ವಕೀಲರ ಬಾಯಲ್ಲಿ ಇಂದಿಗೂ ‘ಪಿ.ಎಫ್. (ಪ್ರೊಸೆಸ್ ಫೀ) ಕಟ್ಟಿದ್ದೀರಾ?’ ಎಂದು ಕೇಳಿಬರುವ ಪ್ರಶ್ನೆಯ ಮೂಲ ಅಲ್ಲಿದೆ. ದೇಶಕ್ಕೆಲ್ಲ ಒಂದೇ ಬಗೆಯ ಸಿವಿಲ್ ಪ್ರಕ್ರಿಯೆ ಕಟ್ಟುವ ಕೆಲಸ 1859ರ ಸಂಹಿತೆಯಿಂದ ಆರಂಭವಾಗಿ, 1877 ಮತ್ತು 1882ರ ಸಂಹಿತೆಗಳನ್ನು ದಾಟಿ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ನೆಲೆ ನಿಂತಿತು. ಅದರ ಐದನೆಯ ಆದೇಶ ಪೂರ್ತಿ ಸಮನ್ಸಿಗೇ ಮೀಸಲು.

ಆ ಆದೇಶದ ನಿಯಮಗಳನ್ನು ಓದುತ್ತ ಹೋದರೆ ಜಾರಿಕಾರನ ಒಂದು ದಿನದ ಕೆಲಸ ಕಣ್ಣಿಗೆ ಕಟ್ಟುತ್ತದೆ. ಅವನ ಕೈಯಲ್ಲಿ ನ್ಯಾಯಾಲಯದ ಮೊಹರು ಬಿದ್ದ ಸಮನ್ಸಿನ ಎರಡು ಪ್ರತಿ, ಜೊತೆಗೆ ದಾವೆಯ ನಕಲು. ಪ್ರತಿವಾದಿ ಸಿಕ್ಕರೆ ಒಂದು ಪ್ರತಿ ಅವನಿಗೆ. ಮೂಲ ಪ್ರತಿಯ ಮೇಲೆ ಅವನ ರುಜು ಅಥವಾ ಹೆಬ್ಬೆಟ್ಟು. ಸಿಗದಿದ್ದರೆ ಅವನ ಪರವಾಗಿ ಪಡೆಯಲು ಅಧಿಕಾರವಿರುವ ಏಜೆಂಟನಿಗೆ ಕೊಡಬಹುದು. ಅವನೂ ಇಲ್ಲದಿದ್ದರೆ ಮನೆಯ ಪ್ರಾಪ್ತ ವಯಸ್ಕರ ಕೈಗೆ, ಆದರೆ ಆಳುಕಾಳುಗಳ ಕೈಗೆ ಕೂಡದು. ರುಜು ಹಾಕಲು ನಿರಾಕರಿಸಿದರೆ, ಅಥವಾ ಹುಡುಕಿದರೂ ಸಿಗದೆ, ಬೇಗ ಮನೆಗೆ ಬರುವ ಸೂಚನೆಯೂ ಇಲ್ಲದೆ, ಪಡೆಯುವವರೂ ಯಾರೂ ಇಲ್ಲದಿದ್ದರೆ, ಒಂದು ಪ್ರತಿಯನ್ನು ಮನೆಯ ಹೊರಬಾಗಿಲಿಗೋ ಎದ್ದು ಕಾಣುವ ಇನ್ನಾವುದಾದರೂ ಭಾಗಕ್ಕೋ ಅಂಟಿಸಬೇಕು. ಆಮೇಲೆ ಮೂಲ ಪ್ರತಿಯ ಬೆನ್ನಿಗೆ ಷರಾ: ಯಾವ ಸಂದರ್ಭದಲ್ಲಿ ಅಂಟಿಸಿದ್ದು, ಮನೆ ತೋರಿಸಿದವರು ಯಾರು, ಎದುರಿಗಿದ್ದವರು ಯಾರು. ನಾಜರ್ ಕಚೇರಿಗೆ ಹಿಂತಿರುಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ಷರಾವನ್ನು ಪ್ರಮಾಣಪತ್ರದಿಂದ ದೃಢಪಡಿಸದಿದ್ದರೆ ನ್ಯಾಯಾಲಯ ಜಾರಿಕಾರನನ್ನೇ ಪ್ರಮಾಣದ ಮೇಲೆ ವಿಚಾರಿಸಬೇಕು. ಆಸ್ತಿ ಜಪ್ತಿಯ ಆದೇಶವಾದರೆ ಸ್ಥಳದಲ್ಲಿ ತಮಟೆ ಬಾರಿಸಿ ಸಾರಬೇಕೆಂದೂ ಸಂಹಿತೆಯ ಇಪ್ಪತ್ತೊಂದನೆಯ ಆದೇಶ ಹೇಳುತ್ತದೆ. ಡಂಗುರದ ಕಾಲದ ಆ ಮಾತನ್ನು ಯಾವ ತಿದ್ದುಪಡಿಯೂ ಅಳಿಸಿಲ್ಲ.

ಮನೆಯವರ ಕೈಗೆ ಕೊಡುವ ನಿಯಮದಲ್ಲಿ ಒಂದು ದೊಡ್ಡ ಅನ್ಯಾಯ ಬಹುಕಾಲ ಉಳಿದುಕೊಂಡಿತ್ತು. 1908ರ ಸಂಹಿತೆಯಲ್ಲಿ ‘ಮನೆಯವರು’ ಎಂದರೆ ವಯಸ್ಸಿಗೆ ಬಂದ ಗಂಡಸು ಮಾತ್ರ. ಗಂಡ ಹೊಲಕ್ಕೋ ಸಂತೆಗೋ ಹೋಗಿದ್ದಾಗ ಹೆಂಡತಿ, ತಾಯಿ, ಬೆಳೆದ ಮಗಳು ಮನೆಯಲ್ಲೇ ಇದ್ದರೂ ಕಾನೂನಿನ ಕಣ್ಣಿಗೆ ಅಲ್ಲಿ ಸಮನ್ಸು ಪಡೆಯುವವರು ಯಾರೂ ಇರಲಿಲ್ಲ. 1977ರ ಫೆಬ್ರವರಿ 1ರಿಂದ ಜಾರಿಗೆ ಬಂದ 1976ರ ತಿದ್ದುಪಡಿ ‘ಗಂಡಾಗಲಿ ಹೆಣ್ಣಾಗಲಿ’ ಎಂದು ಸೇರಿಸಿ ಸಿವಿಲ್ ಕಡೆ ಇದನ್ನು ಸರಿಪಡಿಸಿತು. ಕ್ರಿಮಿನಲ್ ಕಡೆ 1973ರ ದಂಡ ಪ್ರಕ್ರಿಯಾ ಸಂಹಿತೆ ಮಾತ್ರ ಗಂಡಸನ್ನೇ ಹಿಡಿದುಕೊಂಡಿತು. ಅದು ಹೋದದ್ದು 2024ರ ಜುಲೈ 1ರಂದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಾಗ. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಮನೆ ನಡೆಸುವ ಹೆಣ್ಣಿನ ರುಜುವಿಗೆ ಬೆಲೆ ಬರಲು ಸಮನ್ಸು ವಾಟ್ಸ್ಆ್ಯಪ್‌ವರೆಗೆ ಸಾಗಿ ಬರಬೇಕಾಯಿತು ಎಂಬುದು ನೋವಿನ ಸಂಗತಿ.

ಜಾರಿಕಾರನ ಷರಾ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಅದು ಒಬ್ಬನ ಬರಹ. ಮನೆಗೆ ಹೋಗದೆಯೇ ‘ಬಾಗಿಲಿಗೆ ಅಂಟಿಸಿದೆ’ ಎಂದು ಬರೆಯಬಹುದು. ಪ್ರತಿವಾದಿ ಒಳಗಿದ್ದುಕೊಂಡೇ ‘ಊರಲ್ಲಿಲ್ಲ’ ಎಂದು ಹೇಳಿಸಬಹುದು. ಮೊದಲನೆಯದರಲ್ಲಿ ಏನೂ ಅರಿಯದವನ ಮೇಲೆ ಏಕಪಕ್ಷೀಯ ಡಿಕ್ರಿಯಾಗುತ್ತದೆ; ಜಮೀನು ಜಪ್ತಿಗೆ ಬಂದಾಗಲೇ ಅವನಿಗೆ ದಾವೆಯ ಸುದ್ದಿ. ಎರಡನೆಯದರಲ್ಲಿ ವಾದಿ ವರ್ಷಗಟ್ಟಲೆ ವಾಯಿದೆಯಿಂದ ವಾಯಿದೆಗೆ ಅಲೆಯುತ್ತಾನೆ. ಈ ಎರಡು ಕೇಡುಗಳ ನಡುವೆ ಕಾನೂನು ತೂಗುತ್ತಲೇ ಬಂದಿದೆ. ಸಮನ್ಸು ಸರಿಯಾಗಿ ಜಾರಿಯಾಗಿರಲಿಲ್ಲ ಎಂದು ತೋರಿಸಿದವನು ಏಕಪಕ್ಷೀಯ ಡಿಕ್ರಿಯನ್ನು ರದ್ದು ಮಾಡಿಸಿಕೊಳ್ಳಬಹುದು, ಅವನ ಮೂವತ್ತು ದಿನದ ಗಡುವು ಡಿಕ್ರಿಯ ಸುದ್ದಿ ತಿಳಿದ ದಿನದಿಂದ ಎಣಿಕೆಗೆ ಬರುತ್ತದೆ. ಹಾಗೆಂದು ಜಾರಿಯಲ್ಲಿ ಸಣ್ಣ ಲೋಪ ಹುಡುಕಿ ಡಿಕ್ರಿ ಕೆಡವಲೂ ಆಗದು. ವಿಚಾರಣೆಯ ದಿನ ಅವನಿಗೆ ಗೊತ್ತಿತ್ತು, ಬರಲು ಕಾಲಾವಕಾಶವೂ ಇತ್ತು ಎಂದಾದರೆ ಲೋಪವೊಂದೇ ಸಾಲದು ಎಂದು 1976ರ ತಿದ್ದುಪಡಿ ಸೇರಿಸಿತು. ಮುಂದೆ ವಾಟ್ಸ್ಆ್ಯಪ್ ಜಾರಿಯನ್ನು ಒಪ್ಪಿದ ನ್ಯಾಯಾಧೀಶರ ವಾದಕ್ಕೆ ಬಲವಾಗಿ ನಿಂತದ್ದು ಇದೇ ಆಲೋಚನೆ: ವಿಧಾನಕ್ಕಿಂತ ತಿಳಿವಳಿಕೆ ಮುಖ್ಯ.

ದೂರದಿಂದ ಸಮನ್ಸು ಮುಟ್ಟಿಸುವ ಮೊದಲ ಸಾಧನ ಅಂಚೆ. 1908ರ ಸಂಹಿತೆ ಅಂಚೆಯನ್ನು ಒಪ್ಪಿಕೊಂಡ ಸಂದರ್ಭ ಗಮನಿಸಬೇಕಾದದ್ದು: ಪ್ರತಿವಾದಿ ಬ್ರಿಟಿಷ್ ಇಂಡಿಯಾದ ಆಚೆ ವಾಸವಾಗಿದ್ದು, ಒಳಗೆ ಅವನ ಏಜೆಂಟ್ ಯಾರೂ ಇಲ್ಲದಿದ್ದರೆ ಅವನಿರುವ ಸ್ಥಳದ ವಿಳಾಸ ಬರೆದು ಅಂಚೆಯಲ್ಲಿ ಕಳಿಸಬಹುದು. ಹೊಸ ದಾರಿ ಮೊದಲು ತೆರೆದುಕೊಳ್ಳುವುದು ಜಾರಿಕಾರನ ಕಾಲು ನಡೆಯದ ಕಡೆಗೆ. ಊರೊಳಗಿನವರಿಗೆ ಅದು ಆಮೇಲೆ ಬರುತ್ತದೆ. ಟೆಲೆಕ್ಸ್, ಇಮೇಲ್, ವಾಟ್ಸ್ಆ್ಯಪ್‌ಗಳ ವಿಷಯದಲ್ಲೂ ಇದೇ ಕ್ರಮ ಮರುಕಳಿಸಿದೆ. ದೇಶದೊಳಗೆ ನೋಂದಾಯಿತ ಅಂಚೆ ಬಲವಾದದ್ದು ಅದರ ಸ್ವೀಕೃತಿ ಚೀಟಿಯಿಂದ, ವಕೀಲರ ಕಚೇರಿಗಳಲ್ಲಿ ಅದು ‘ಆರ್‌ಪಿಎಡಿ’ ಎಂದೇ ಹೆಸರಾಯಿತು. 1897ರ ಸಾಮಾನ್ಯ ಖಂಡಗಳ ಕಾಯಿದೆಯ 27ನೆಯ ಕಲಮು, ಸರಿಯಾದ ವಿಳಾಸ ಬರೆದು, ಹಣ ಕಟ್ಟಿ, ನೋಂದಾಯಿತ ಅಂಚೆಗೆ ಹಾಕಿದ ಪತ್ರ ವಾಡಿಕೆಯ ಸಮಯಕ್ಕೆ ತಲುಪಿತೆಂದು ಭಾವಿಸಲು ದಾರಿ ಮಾಡಿತು. ಲಕೋಟೆಯ ಮೇಲೆ ಪೋಸ್ಟ್‌ಮ್ಯಾನ್ ಗೀಚಿದ ‘ಬಾಗಿಲು ಹಾಕಿದೆ’, ‘ಪಡೆಯಲು ನಿರಾಕರಿಸಿದ್ದಾರೆ’ ಎಂಬ ಅರ್ಧ ಸಾಲಿನ ಮೇಲೆ ಎಷ್ಟೋ ಮೊಕದ್ದಮೆಗಳ ಗತಿ ನಿಂತಿತ್ತು. 2025ರಲ್ಲಿ ಅಂಚೆ ಇಲಾಖೆ ದೇಶದೊಳಗಿನ ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಿತು.

ಯಾವ ದಾರಿಯೂ ನಡೆಯದಾಗ ಬದಲಿ ಜಾರಿ. ನ್ಯಾಯಾಲಯದ ಆವರಣದಲ್ಲಿ ಒಂದು ಪ್ರತಿ, ಪ್ರತಿವಾದಿ ಕೊನೆಯದಾಗಿ ವಾಸವಿದ್ದ ಮನೆಗೆ ಒಂದು ಪ್ರತಿ ಅಂಟಿಸುವುದು, ಅಥವಾ ಪತ್ರಿಕೆಯಲ್ಲಿ ಪ್ರಕಟಿಸುವುದು. ಕನ್ನಡ ದಿನಪತ್ರಿಕೆಗಳ ಒಳಪುಟದಲ್ಲಿ ಸಣ್ಣಕ್ಷರದ ಚೌಕದೊಳಗೆ ಅಚ್ಚಾಗುವ ಕೋರ್ಟ್ ನೋಟಿಸುಗಳು ಇವೇ. ಓದುವವರು ಬಹಳ ಕಡಿಮೆ. ಕಾನೂನು ಮಾತ್ರ ಅದನ್ನು ಖುದ್ದಾಗಿ ಮುಟ್ಟಿಸಿದ್ದಕ್ಕೆ ಸಮ ಎಂದು ಎಣಿಸುತ್ತದೆ. ತಂತ್ರಜ್ಞಾನದ ಮೂಲಕ ಮುಟ್ಟಿಸುವುದನ್ನು ಅಳೆಯುವಾಗ ಇದನ್ನು ಮರೆಯಬಾರದು. ವಾಟ್ಸ್ಆ್ಯಪ್ ಸಂದೇಶವನ್ನು ಖುದ್ದು ಜಾರಿಯ ಪಕ್ಕದಲ್ಲಿಟ್ಟರೆ ಅದು ದುರ್ಬಲ, ಪತ್ರಿಕೆಯ ಆ ಚೌಕದ ಪಕ್ಕದಲ್ಲಿಟ್ಟರೆ ಬಲು ಗಟ್ಟಿ.

ತಂತಿಯ ಮೇಲೆ ಸುದ್ದಿ ಓಡಲು ಶುರುವಾದ ಕೂಡಲೇ ಕಾನೂನು ಅದನ್ನು ಎದುರುಗೊಂಡಿತು. 1872ರ ಭಾರತೀಯ ಸಾಕ್ಷ್ಯ ಕಾಯಿದೆಯ 88ನೆಯ ಕಲಮು ಟೆಲಿಗ್ರಾಮಿನ ಬಗ್ಗೆ ಬಹಳ ಎಚ್ಚರದಿಂದ ಬರೆದ ಕಲಮು. ತಂತಿ ಕಚೇರಿ ವಿಳಾಸದಾರನಿಗೆ ತಲುಪಿಸಿದ ಮಾತುಗಳೂ, ಕಳಿಸಿದ ಕಚೇರಿಯಲ್ಲಿ ಕೊಟ್ಟ ಮಾತುಗಳೂ ಒಂದೇ ಎಂದು ನ್ಯಾಯಾಲಯ ಭಾವಿಸಬಹುದಿತ್ತು. ಆದರೆ ಅದನ್ನು ಕಳಿಸಲು ಕೊಟ್ಟವನು ಯಾರು ಎಂಬ ಬಗ್ಗೆ ಏನನ್ನೂ ಭಾವಿಸುವಂತಿರಲಿಲ್ಲ. ತಂತಿ ಮಾತನ್ನು ಒಯ್ಯುತ್ತದೆ, ಮನುಷ್ಯನ ಗುರುತನ್ನು ಒಯ್ಯುವುದಿಲ್ಲ ಎಂಬುದನ್ನು ಆ ಕಾಯಿದೆ ಬರೆದವರು ಚೆನ್ನಾಗಿ ಅರಿತಿದ್ದರು. ಸುಮಾರು 130 ವರ್ಷಗಳ ನಂತರ, 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಇದರ ಪಕ್ಕದಲ್ಲೇ 88ಎ ಎಂಬ ಹೊಸ ಕಲಮು ಸೇರಿಸಿ ಇಮೇಲ್‌ಗೂ ಅದೇ ಮಾತನ್ನು ಅನ್ವಯಿಸಿತು. ತಡೆಯಾಜ್ಞೆ ಸಿಕ್ಕ ಸುದ್ದಿಯನ್ನು ಕೆಳಗಿನ ನ್ಯಾಯಾಲಯಕ್ಕೆ ತುರ್ತಾಗಿ ಮುಟ್ಟಿಸಲು ವಕೀಲರು ತಂತಿಯನ್ನೇ ನೆಚ್ಚಿದ್ದ ಕಾಲವೊಂದಿತ್ತು. ಡಿಕ್ರಿ ಅಮಲಿಗೆ ಕೊಟ್ಟ ತಡೆಯಾಜ್ಞೆ ಅಮಲು ನಡೆಸುವ ನ್ಯಾಯಾಲಯಕ್ಕೆ ತಿಳಿದ ಮೇಲಷ್ಟೇ ಅದರ ಕೈ ಕಟ್ಟುತ್ತದೆ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ್ದರಿಂದ ಈ ಅವಸರಕ್ಕೆ ಅರ್ಥವಿತ್ತು. 2013ರ ಜುಲೈ ನಡುವಿನಲ್ಲಿ ಭಾರತದ ತಂತಿ ಸೇವೆಯೇ ನಿಂತುಹೋಯಿತು.

ಮೊಕದ್ದಮೆ ಆರಂಭಿಸುವ ಸಮನ್ಸನ್ನೇ ವಿದ್ಯುತ್ ಸಾಧನದಿಂದ ಕಳಿಸಲು ಒಪ್ಪಿದ ಪ್ರಕರಣಗಳಲ್ಲಿ ಹೆಸರಾದದ್ದು ನ್ಯೂಯಾರ್ಕಿನದು. 1979ರ ನವೆಂಬರಿನಲ್ಲಿ ಟೆಹರಾನಿನ ಅಮೆರಿಕನ್ ರಾಯಭಾರ ಕಚೇರಿ ವಿದ್ಯಾರ್ಥಿಗಳ ವಶವಾಯಿತು. ಇರಾನಿನ ಸಂಸ್ಥೆಗಳ ಮೇಲೆ ಅಮೆರಿಕದ ಬ್ಯಾಂಕುಗಳು, ಕಂಪನಿಗಳು ದಾವೆ ಹೂಡಿದವು. ಅಲ್ಲಿಗೆ ಸಮನ್ಸು ಒಯ್ಯುವವರೇ ಇಲ್ಲ. 1980ರಲ್ಲಿ ನ್ಯಾಯಾಧೀಶ ಕೆವಿನ್ ಡಫಿ ಟೆಲೆಕ್ಸ್ ಮೂಲಕ ಮುಟ್ಟಿಸಲು ಅಪ್ಪಣೆ ಕೊಟ್ಟರು. ತಂತ್ರಜ್ಞಾನ ಮುಂದುವರಿದಿರುವಾಗ ನ್ಯಾಯಾಲಯ ಕಣ್ಣು ಮುಚ್ಚಿಕೊಂಡು ಕೂರಬೇಕಾಗಿಲ್ಲ ಎಂಬುದು ಅವರ ನಿಲುವಿನ ಸಾರ. ಟೆಲೆಕ್ಸಿನಲ್ಲಿ ಒಂದು ಅನುಕೂಲವೂ ಇತ್ತು: ಆ ಕಡೆಯ ಯಂತ್ರ ತನ್ನ ಗುರುತಿನ ಸಂಕೇತವನ್ನು ತಿರುಗಿ ಕಳಿಸುತ್ತಿತ್ತು. ಯಂತ್ರವೇ ಕೊಟ್ಟ ರಸೀತಿ ಅದು. ಇಂಗ್ಲೆಂಡಿನಲ್ಲಿ 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಫ್ಯಾಕ್ಸನ್ನು ಒಪ್ಪಿತು. ಮೊಕದ್ದಮೆ ನಡೆಯುತ್ತಿರುವಾಗ ಎದುರು ಪಕ್ಷಕ್ಕೆ ಕೊಡಬೇಕಾದ ಪತ್ರ ಫ್ಯಾಕ್ಸಿನಲ್ಲಿ ಪೂರ್ತಿಯಾಗಿ, ಓದುವಂತೆ ಅಚ್ಚಾಗಿ ಬಂದರೆ ಮುಟ್ಟಿದಂತೆಯೇ, ಕೈಯಿಂದ ಕೊಟ್ಟ ಕಾಗದಕ್ಕೂ ಅದಕ್ಕೂ ಭೇದ ಬೇಡ ಎಂದಿತು. ಮೊಕದ್ದಮೆ ಆರಂಭಿಸುವ ರಿಟ್‌ಗೆ ಮಾತ್ರ ಈ ಸಡಿಲಿಕೆ ಸಿಗಲಿಲ್ಲ.

ಇಮೇಲ್ ಮೂಲಕ ಸಮನ್ಸು ಎಂಬ ಮಾತಿಗೆ ಬಲ ಬಂದದ್ದು 2002ರ ಇನ್ನೊಂದು ಅಮೆರಿಕನ್ ತೀರ್ಪಿನಿಂದ. ಲಾಸ್ ವೇಗಸ್ಸಿನ ರಿಯೋ ಹೋಟೆಲು-ಕ್ಯಾಸಿನೊದ ಮಾಲೀಕರು ಕೋಸ್ಟರೀಕದಿಂದ ಅಂತರ್ಜಾಲದಲ್ಲಿ ಜೂಜು ನಡೆಸುತ್ತಿದ್ದ ಕಂಪನಿಯ ಮೇಲೆ ಹೆಸರಿನ ಹಕ್ಕಿಗಾಗಿ ದಾವೆ ಹೂಡಿದ್ದರು. ಆ ಕಂಪನಿಗೆ ಕಟ್ಟಡವಿಲ್ಲ, ಬಾಗಿಲಿಲ್ಲ. ಅದು ಗಿರಾಕಿಗಳೊಡನೆ ವ್ಯವಹರಿಸುತ್ತಿದ್ದದ್ದೇ ಇಮೇಲಿನಲ್ಲಿ. ಹಾಗಿದ್ದಮೇಲೆ ಸಮನ್ಸೂ ಅಲ್ಲಿಗೇ ಹೋಗಲಿ ಎಂದು ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಹೇಳಿತು. 2008ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ ಗೃಹಸಾಲ ತೀರಿಸದ ಇಬ್ಬರಿಗೆ ತೀರ್ಪಿನ ಪ್ರತಿಯನ್ನು ಫೇಸ್‌ಬುಕ್ಕಿನ ಖಾಸಗಿ ಸಂದೇಶವಾಗಿ ಕಳಿಸಲು ಅನುಮತಿ ಸಿಕ್ಕಿತು. ಖಾತೆಯಲ್ಲಿದ್ದ ಹೆಸರು, ಹುಟ್ಟಿದ ದಿನ, ಇಮೇಲ್ ವಿಳಾಸಗಳು ಸಾಲದ ದಾಖಲೆಗೆ ತಾಳೆಯಾಗಿದ್ದವು, ಇಬ್ಬರೂ ಪರಸ್ಪರ ಸ್ನೇಹಿತರ ಪಟ್ಟಿಯಲ್ಲಿದ್ದರು. ಹಳ್ಳಿಯಲ್ಲಿ ಮನೆ ತೋರಿಸಿ ಷರಾಕ್ಕೆ ಹೆಸರು ಕೊಡುವವನು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಈ ವಿವರಗಳು ಮಾಡಿದವು.

ಭಾರತದಲ್ಲಿ 2000ದ ಅಕ್ಟೋಬರ್ 17ರಂದು ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದು ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿತು. ಸಂದೇಶ ಯಾವಾಗ ಹೊರಟಿತು, ಯಾವಾಗ ಸೇರಿತು ಎಂದು ಲೆಕ್ಕ ಹಾಕುವ ನಿಯಮವೂ ಅದರ 13ನೆಯ ಕಲಮಿನಲ್ಲಿದೆ. 2002ರ ಜುಲೈ 1ರಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಐದನೆಯ ಆದೇಶದ ಒಂಬತ್ತನೆಯ ನಿಯಮದಲ್ಲಿ ನೋಂದಾಯಿತ ಅಂಚೆ, ಸ್ಪೀಡ್ ಪೋಸ್ಟ್, ಮಾನ್ಯತೆ ಪಡೆದ ಕೊರಿಯರ್‌ಗಳ ಜೊತೆಗೆ ಫ್ಯಾಕ್ಸ್ ಮತ್ತು ಇಮೇಲ್ ಸೇರಿಕೊಂಡವು, ಆದರೆ ಆಯಾ ಹೈಕೋರ್ಟ್ ನಿಯಮ ಮಾಡಿದ ಮೇಲಷ್ಟೇ. ವಾದಿಯೇ ಸಮನ್ಸು ಒಯ್ದು ಮುಟ್ಟಿಸುವ ‘ದಸ್ತಿ’ ಪದ್ಧತಿಗೂ ಆಗಲೇ ಪ್ರತ್ಯೇಕ ನಿಯಮ ಬಂತು. ಖಾಸಗಿ ಕೊರಿಯರ್‌ನವರು ಸುಳ್ಳು ಷರಾ ಬರೆದರೆ ಗತಿಯೇನು ಎಂಬ ಆತಂಕದೊಡನೆ ವಕೀಲರ ಸಂಘವೊಂದು ಈ ತಿದ್ದುಪಡಿಗಳನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ಸೇಲಂ ಪ್ರಕರಣವೆಂದು ಹೆಸರಾದ ಅದರಲ್ಲಿ ನ್ಯಾಯಾಲಯ 2005ರಲ್ಲಿ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆತಂಕವನ್ನು ತಳ್ಳಿಹಾಕದೆ, ದುರುಪಯೋಗಕ್ಕೆ ತಡೆಯೊಡ್ಡುವ ನಿಯಮ ಮಾಡುವಂತೆ ಹೈಕೋರ್ಟುಗಳಿಗೆ ತಿಳಿಸಿತು. 2010ರಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರ ಪೀಠ ವಾಣಿಜ್ಯ ಮೊಕದ್ದಮೆಗಳಲ್ಲಿ ವಾಡಿಕೆಯ ಜಾರಿಯ ಜೊತೆಗೆ ಇಮೇಲಿನಲ್ಲೂ ನೋಟಿಸು ಕಳಿಸಲು ಹಾದಿ ಮಾಡಿಕೊಟ್ಟಿತು. ದೆಹಲಿಯ ನ್ಯಾಯಾಲಯಗಳಿಗೆ ಕೊರಿಯರ್, ಫ್ಯಾಕ್ಸ್, ಇಮೇಲ್ ಜಾರಿಯ ನಿಯಮಗಳು ಅದೇ ವರ್ಷದವು.

ವಾಟ್ಸ್ಆ್ಯಪ್ ನ್ಯಾಯಾಲಯದ ಹೊಸ್ತಿಲು ದಾಟಿದ್ದು 2017ರಲ್ಲಿ, ಅದೂ ಒಂದು ಕನ್ನಡ ಸಿನಿಮಾದ ನೆಪದಲ್ಲಿ. ರಮೇಶ್ ಅರವಿಂದ್ ಅವರ ನೂರನೆಯ ಚಿತ್ರ ‘ಪುಷ್ಪಕ ವಿಮಾನ’ ಆ ವರ್ಷದ ಜನವರಿಯಲ್ಲಿ ತೆರೆಕಂಡಿತ್ತು. ಇದು 2013ರ ಕೊರಿಯನ್ ಚಿತ್ರ ‘ಮಿರಾಕಲ್ ಇನ್ ಸೆಲ್ ನಂಬರ್ 7’ರ ನಕಲು, ಅದರ ಹಕ್ಕು ತಮ್ಮದು ಎಂದು ಮುಂಬೈಯಲ್ಲಿ ಒಂದು ಕಂಪನಿ ಕೃತಿಸ್ವಾಮ್ಯದ ದಾವೆ ಹೂಡಿತು. ಪ್ರತಿವಾದಿಗಳಿಗೆ ವಾಟ್ಸ್ಆ್ಯಪ್ ಮತ್ತು ಇಮೇಲ್ ಮೂಲಕ ಸುದ್ದಿ ಹೋಯಿತು. ಫೋನ್ ಸಂಖ್ಯೆ ಯಾರದೆಂಬುದನ್ನು ಟ್ರೂಕಾಲರ್‌ನಿಂದ ಖಚಿತಪಡಿಸಲಾಯಿತು. ಬೇಲಿಫ್, ಅಂದರೆ ನ್ಯಾಯಾಲಯದ ಜಾರಿಕಾರ, ಮುಟ್ಟಿಸಿಲ್ಲ ಎಂಬ ಕೊರತೆಯನ್ನು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಮುಖ್ಯವೆಂದು ಎಣಿಸಲಿಲ್ಲ. ಎದುರು ಪಕ್ಷಕ್ಕೆ ವಿಷಯ ತಿಳಿಸಿ ಕಾಗದಪತ್ರ ಕೊಡುವುದೇ ಜಾರಿಯ ಉದ್ದೇಶ, ಅದು ನೆರವೇರಿದೆಯೆಂದು ತೋರಿಸಿದ ಮೇಲೆ ಗೊತ್ತೇ ಇರಲಿಲ್ಲವೆಂದು ನಟಿಸಲು ಬಿಡಲಾಗದು ಎಂಬ ನಿಲುವು ತಳೆದರು. ಕೆಲವೇ ದಿನಗಳಲ್ಲಿ ಹರಿಯಾಣದ ಹಣಕಾಸು ಆಯುಕ್ತ ಅಶೋಕ್ ಖೇಮ್ಕಾ ಅವರ ಕಂದಾಯ ನ್ಯಾಯಾಲಯ ಹಿಸಾರ್ ಜಿಲ್ಲೆಯ ಆಸ್ತಿ ವ್ಯಾಜ್ಯವೊಂದರಲ್ಲಿ ಕಠ್ಮಂಡುವಿನಲ್ಲಿದ್ದ ಕಕ್ಷಿದಾರನಿಗೆ ವಾಟ್ಸ್ಆ್ಯಪ್‌ನಲ್ಲಿ ಸಮನ್ಸು ಕಳಿಸಲು ಆದೇಶಿಸಿತು. 2018ರ ಜೂನಿನಲ್ಲಿ ನ್ಯಾಯಮೂರ್ತಿ ಪಟೇಲ್ ಅವರೇ ಕ್ರೆಡಿಟ್ ಕಾರ್ಡ್ ಬಾಕಿಯ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಪಿಡಿಎಫ್ ಆಗಿ ಹೋದ ನೋಟಿಸು ತಲುಪಿದ್ದಷ್ಟೇ ಅಲ್ಲ, ತೆರೆದು ನೋಡಿದ್ದೂ ಆಗಿದೆ ಎಂಬುದನ್ನು ಸಂದೇಶದ ಪಕ್ಕದ ನೀಲಿ ಗುರುತುಗಳಿಂದ ಒಪ್ಪಿಕೊಂಡರು. ಆ ಗುರುತನ್ನು ಯಾರು ಬೇಕಾದರೂ ತಮ್ಮ ಫೋನಿನಲ್ಲಿ ಬಂದ್ ಮಾಡಿಡಬಹುದು, ಫೋನನ್ನು ಮನೆಯ ಮಗುವೇ ತೆರೆದಿರಬಹುದು ಎಂಬ ಆಕ್ಷೇಪಗಳು ಅಂದಿನಿಂದಲೂ ಇವೆ, ಮತ್ತು ಅವು ನ್ಯಾಯವಾದ ಆಕ್ಷೇಪಗಳೇ.

ಕೋವಿಡ್ ಕಾಲದಲ್ಲಿ ಈ ಬಿಡಿ ಆದೇಶಗಳು ದೇಶದ ವಾಡಿಕೆಯಾದವು. ಅಂಚೆ ಕಚೇರಿಗೆ ಹೋಗುವುದೇ ಕಷ್ಟವಾಗಿದ್ದಾಗ, 2020ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೋಬ್ಡೆ ನೇತೃತ್ವದ ಪೀಠ ನೋಟಿಸು, ಸಮನ್ಸುಗಳನ್ನು ಇಮೇಲ್, ಫ್ಯಾಕ್ಸ್ ಮತ್ತು ವಾಟ್ಸ್ಆ್ಯಪ್, ಟೆಲಿಗ್ರಾಂ, ಸಿಗ್ನಲ್‌ನಂಥ ಸಂದೇಶ ಸೇವೆಗಳ ಮೂಲಕ ಮುಟ್ಟಿಸಬಹುದೆಂದಿತು. ಒಂದು ಷರತ್ತು ಇತ್ತು: ಸಂದೇಶ ಸೇವೆ ಬಳಸಿದರೆ ಅದೇ ದಿನ ಇಮೇಲಿನಲ್ಲೂ ಕಳಿಸಬೇಕು. ಒಂದು ಸಾಕ್ಷಿ ಕೈಕೊಟ್ಟರೆ ಇನ್ನೊಂದಿರಲಿ ಎಂಬ ಹಳೆಯ ಎಚ್ಚರವೇ ಇದು.

ಖಾಸಗಿ ಸೇವೆಗಳನ್ನು ನೆಚ್ಚುವುದಕ್ಕಿಂತ ಗಟ್ಟಿಯಾದ ಕೆಲಸ ನ್ಯಾಯಾಲಯಗಳ ಒಳಗೇ ನಡೆದಿದೆ. ಇ-ಕೋರ್ಟ್ಸ್ ಯೋಜನೆಯಡಿ ಬಂದ ‘ಎನ್‌ಸ್ಟೆಪ್’ ಎಂಬ ವ್ಯವಸ್ಥೆಯಲ್ಲಿ ಸಮನ್ಸು ನ್ಯಾಯಾಲಯದ ತಂತ್ರಾಂಶದಲ್ಲೇ ಹುಟ್ಟಿ, ಜಾರಿಯಾಗಬೇಕಾದ ಊರಿನ ನ್ಯಾಯಾಲಯಕ್ಕೆ ಜಾಲದಲ್ಲೇ ಹೋಗುತ್ತದೆ. ಬೀದರಿನ ನ್ಯಾಯಾಲಯದ ಸಮನ್ಸನ್ನು ಮಂಗಳೂರಿನಲ್ಲಿ ಮುಟ್ಟಿಸಬೇಕಾದರೆ ಮೊದಲು ಅದು ಅಂಚೆಯಲ್ಲಿ ಹೋಗಿ, ಅಲ್ಲಿನ ನಾಜರ್ ಶಾಖೆಯಲ್ಲಿ ಸರದಿ ಕಾದು, ಷರಾದೊಡನೆ ಅಂಚೆಯಲ್ಲೇ ಹಿಂತಿರುಗಬೇಕಿತ್ತು; ಬರುವಷ್ಟರಲ್ಲಿ ವಾಯಿದೆ ಮುಗಿದುಹೋಗುವುದು ಮಾಮೂಲು. ಈಗ ಆ ಎರಡು ಪ್ರಯಾಣಗಳು ಬೇಕಿಲ್ಲ. ಕೊನೆಯ ಹೆಜ್ಜೆಯನ್ನು ಮಾತ್ರ ಮನುಷ್ಯನೇ ಇಡುತ್ತಾನೆ: ಜಾರಿಕಾರ ಸ್ಮಾರ್ಟ್‌ಫೋನ್ ಹಿಡಿದು ಮನೆಗೆ ಹೋಗುತ್ತಾನೆ, ಪಡೆದವರ ರುಜುವನ್ನು ಪರದೆಯ ಮೇಲೆ ತೆಗೆದುಕೊಳ್ಳುತ್ತಾನೆ, ಬೀಗ ಹಾಕಿದ್ದರೆ ಫೋಟೊ ಹಿಡಿಯುತ್ತಾನೆ. ಅವನು ನಿಂತ ಜಾಗ, ಹೊತ್ತು ಎರಡೂ ಜಿಪಿಎಸ್‌ನಿಂದ ತಾನಾಗಿ ದಾಖಲಾಗುತ್ತವೆ. ಮನೆಗೆ ಹೋಗದೆ ಷರಾ ಬರೆಯುವ ಹಳೆಯ ಚಾಳಿಗೆ ಇಷ್ಟು ನೇರವಾದ ಮದ್ದು ಹಿಂದೆ ಬಂದಿರಲಿಲ್ಲ. ಜಾರಿಕಾರನನ್ನು ಕೈಬಿಡದೆ ಅವನ ಸಾಕ್ಷ್ಯವನ್ನು ಬಲಪಡಿಸಿದ್ದರಿಂದ, ಈ ಚರಿತ್ರೆಯ ಎಲ್ಲ ಸುಧಾರಣೆಗಳ ಪೈಕಿ ಇದು ಹೆಚ್ಚು ವಿವೇಕದ್ದೆಂದು ತೋರುತ್ತದೆ.

ನ್ಯಾಯಾಲಯದ ಕಾಗದ ತಡವಾದರೆ ಆಗುವ ನಷ್ಟ ಸಿವಿಲ್ ದಾವೆಗಳಲ್ಲಿ ಹಣದ್ದು, ಜೈಲಿನಲ್ಲಿ ದಿನಗಳದ್ದು. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟ ಮೇಲೂ ಆಗ್ರಾ ಜೈಲಿನ 13 ಮಂದಿ ಆದೇಶದ ಪ್ರತಿ ಬಂದಿಲ್ಲವೆಂದು ಒಳಗೇ ಉಳಿಯಬೇಕಾಯಿತು. ಈ ಕಾಲದಲ್ಲೂ ಆದೇಶ ಹೊತ್ತು ಬರುವ ಪಾರಿವಾಳಕ್ಕಾಗಿ ಆಕಾಶ ನೋಡುವುದೇ ಎಂದು ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಬೇಸರ ವ್ಯಕ್ತಪಡಿಸಿದರು. ಅದರ ಫಲವಾಗಿ ಪ್ರಮಾಣೀಕೃತ ಆದೇಶಗಳನ್ನು ಸುರಕ್ಷಿತ ಜಾಲದಲ್ಲಿ ಜೈಲುಗಳಿಗೆ ಮತ್ತು ಕೆಳಗಿನ ನ್ಯಾಯಾಲಯಗಳಿಗೆ ಕಳಿಸುವ ‘ಫಾಸ್ಟರ್’ ವ್ಯವಸ್ಥೆ 2022ರ ಮಾರ್ಚ್ 31ರಂದು ಆರಂಭವಾಯಿತು.

ಗಡಿಯಾಚೆಗಿನ ಜಾರಿಯಲ್ಲಿ ಮಾತ್ರ ಗೊಂದಲ ತೀರಿಲ್ಲ. 1965ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಒಬ್ಬರಿಗೊಬ್ಬರು ಒಂದು ಕೇಂದ್ರ ಪ್ರಾಧಿಕಾರದ ಮೂಲಕ ಸಮನ್ಸು ಕಳಿಸುತ್ತವೆ. ಭಾರತ ಅದಕ್ಕೆ ಸೇರಿದ್ದು 2006ರಲ್ಲಿ, ಇಲ್ಲಿ ಅದು ಜಾರಿಗೆ ಬಂದದ್ದು 2007ರ ಆಗಸ್ಟ್ 1ರಂದು. ವಿದೇಶದಿಂದ ನೇರವಾಗಿ ಅಂಚೆಯಲ್ಲಿ ಸಮನ್ಸು ಬರುವುದನ್ನು ಭಾರತ ಒಪ್ಪಲಿಲ್ಲ. 2013ರಲ್ಲಿ ಕಂಪ್ಯೂಟರ್ ದುರಸ್ತಿಯ ಹೆಸರಿನ ವಂಚನೆಯ ಪ್ರಕರಣವೊಂದರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಭಾರತದಲ್ಲಿದ್ದ ಪ್ರತಿವಾದಿಗಳಿಗೆ ಇಮೇಲ್ ಮತ್ತು ಫೇಸ್‌ಬುಕ್ ಎರಡರಲ್ಲೂ ಕಾಗದ ಕಳಿಸಲು ಅನುಮತಿಸಿತು. ಭಾರತದ ಆಕ್ಷೇಪ ಒಪ್ಪಂದದಲ್ಲಿ ಹೆಸರಿಸಿದ ವಿಧಾನಗಳಿಗೆ ಮಾತ್ರ, ಇಮೇಲ್ ಅದರಲ್ಲಿ ಇಲ್ಲ ಎಂಬುದು ಆ ನ್ಯಾಯಾಧೀಶರ ತರ್ಕ. ಇಮೇಲೇ ಇಲ್ಲದ ಕಾಲದಲ್ಲಿ ಬರೆದ ಒಪ್ಪಂದದಲ್ಲಿ ಇಮೇಲಿನ ಹೆಸರು ಇರುವುದಾದರೂ ಹೇಗೆ ಎಂಬ ಪ್ರಶ್ನೆಗೆ ಆ ತರ್ಕದಲ್ಲಿ ಉತ್ತರವಿಲ್ಲ.

ಕ್ರಿಮಿನಲ್ ಕಡೆ ದೊಡ್ಡ ಬದಲಾವಣೆ ತಂದದ್ದು ನಾಗರಿಕ ಸುರಕ್ಷಾ ಸಂಹಿತೆ. ನ್ಯಾಯಾಲಯದ ಮೊಹರಿನ ಚಿತ್ರ ಅಥವಾ ಡಿಜಿಟಲ್ ಸಹಿ ಇರುವ ವಿದ್ಯುನ್ಮಾನ ಸಮನ್ಸನ್ನು ಅದು ನೇರವಾಗಿ ಒಪ್ಪುತ್ತದೆ. ಸಮನ್ಸು ಹೋಗಬೇಕಾದವರ ವಿಳಾಸ, ಇಮೇಲ್, ಫೋನ್ ಸಂಖ್ಯೆಗಳ ರಿಜಿಸ್ಟರನ್ನು ಪೊಲೀಸ್ ಠಾಣೆಯಲ್ಲೋ ನ್ಯಾಯಾಲಯದಲ್ಲೋ ಇಡಬೇಕೆನ್ನುತ್ತದೆ. ಆದರೆ ಬಂಧನದ ಅಂಚಿಗೆ ಬಂದಾಗ ಸುಪ್ರೀಂ ಕೋರ್ಟ್ ಗೆರೆ ಎಳೆದಿದೆ. ತನಿಖೆಗೆ ಹಾಜರಾಗಿ ಎಂದು ಪೊಲೀಸರು ಕಳಿಸುವ ನೋಟಿಸಿಗೆ ಓಗೊಡದಿದ್ದರೆ ಬಂಧನವಾಗಬಹುದು. ಅಂಥ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಾಗಲಿ ಬೇರೆ ವಿದ್ಯುನ್ಮಾನ ದಾರಿಯಲ್ಲಾಗಲಿ ಕಳಿಸುವಂತಿಲ್ಲ ಎಂದು 2025ರ ಜನವರಿ 21ರಂದು ನ್ಯಾಯಮೂರ್ತಿಗಳಾದ ಎಂ.ಎಂ. ಸುಂದರೇಶ್ ಮತ್ತು ರಾಜೇಶ್ ಬಿಂದಲ್ ಆದೇಶಿಸಿದರು. ಇದನ್ನು ಸಡಿಲಿಸಿ ಎಂದು ಹರಿಯಾಣ ಸರ್ಕಾರ ಕೇಳಿಕೊಂಡಾಗ ಅದೇ ವರ್ಷದ ಜುಲೈನಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ನ್ಯಾಯಾಲಯ ಹೊರಡಿಸುವ ಸಮನ್ಸು ನ್ಯಾಯಿಕ ಕಾರ್ಯ, ಪೊಲೀಸರ ನೋಟಿಸು ಕಾರ್ಯಾಂಗದ ಕೆಲಸ. ಒಂದಕ್ಕೆ ಕೊಟ್ಟ ಸವಲತ್ತನ್ನು ಇನ್ನೊಂದಕ್ಕೆ ಹಿಗ್ಗಿಸುವಂತಿಲ್ಲ, ಅದೂ ಒಬ್ಬನ ಸ್ವಾತಂತ್ರ್ಯ ಪಣಕ್ಕಿರುವಾಗ, ಎಂಬುದು ಅಲ್ಲಿನ ವಿವೇಚನೆ.

ಇಲ್ಲಿಯವರೆಗಿನ ಜಗಳವೆಲ್ಲ ಪಡೆದವನು ಯಾರು ಎಂಬುದರ ಸುತ್ತ ನಡೆದದ್ದು. ಈಚಿನ ವರ್ಷಗಳಲ್ಲಿ ಕಳಿಸಿದವನು ಯಾರು ಎಂಬ ಸಂಶಯ ಮತ್ತೆ ಎದ್ದಿದೆ. ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯಲ್ಲಿ ನ್ಯಾಯಾಲಯದ ಮೊಹರು, ನ್ಯಾಯಾಧೀಶರ ಸಹಿಗಳನ್ನು ನಕಲು ಮಾಡಿದ ಆದೇಶಗಳು ಫೋನಿಗೆ ಬಂದು ಬೀಳುತ್ತವೆ. ಹೆದರಿದವರು, ಅದರಲ್ಲೂ ವಯಸ್ಸಾದವರು, ಜೀವಮಾನದ ಉಳಿತಾಯ ಕಳೆದುಕೊಳ್ಳುತ್ತಾರೆ. ಹರಿಯಾಣದ ಅಂಬಾಲಾದ ವೃದ್ಧ ದಂಪತಿ ಸುಪ್ರೀಂ ಕೋರ್ಟಿನದೇ ಖೋಟಾ ಆದೇಶ ತೋರಿಸಿದವರಿಗೆ ಒಂದು ಕೋಟಿಗೂ ಹೆಚ್ಚು ಹಣ ತೆತ್ತ ಮೇಲೆ, 2025ರ ಅಕ್ಟೋಬರಿನಲ್ಲಿ ಆ ನ್ಯಾಯಾಲಯ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ನಿಜವಾದ ಸಮನ್ಸಿನಲ್ಲಿ ಮೊಕದ್ದಮೆಯ ಸಂಖ್ಯೆ ಇರುತ್ತದೆ, ಅದನ್ನು ಇ-ಕೋರ್ಟ್ಸ್ ಜಾಲತಾಣದಲ್ಲೋ ಆ ನ್ಯಾಯಾಲಯದ ಕಚೇರಿಯಲ್ಲೋ ತಾಳೆ ನೋಡಬಹುದು. ಯಾವ ನ್ಯಾಯಾಲಯವೂ ಫೋನಿನಲ್ಲಿ ಹಣ ಕೇಳುವುದಿಲ್ಲ, ವಿಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ.